ಅಜ್ಜನ ರೈಫಲ್ಲೂ ನನ್ನ ರಜೆಯೂ

ಬಂದೂಕು ರಿಪೇರಿ ಮಾಡುವವನ ಬದುಕು ಬಹಳ ಗಂಭೀರವಾದದ್ದು ಎಂದು ನಮ್ಮೂರಿನವರು ತಿಳಿದುಕೊಂಡಿದ್ದಾರೆ. ಉಡುಪಿ ಕಡೆಯಿಂದ ದೋಹಾಕ್ಕೆ ಬಂದು, ಒಂದು ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪಿನಲ್ಲಿ ಕೂತಾಗಿನಿಂದ ನಾನು ಗಂಭೀರವಾಗಿರಲು ಪ್ರಯತ್ನಿಸುತ್ತಲೇ ಇದ್ದೇನೆ. ಗಿರಾಕಿಗಳು ಬಿಡುವುದಿಲ್ಲ. ಅದರಲ್ಲೂ ಒಬ್ಬರು.

ಅವರು ವಯಸ್ಸಾದ ಕತಾರಿ ಸಾಹೇಬರು. ಎದುರಿಗೆ ನಾವು "ಬಾಬಾ" ಎನ್ನುತ್ತೇವೆ, ನಮ್ಮೊಳಗೆ "ಅಜ್ಜ". ಅವರ ಹಿಂದಿ, ನನ್ನ ಅರಬಿ ಎರಡೂ ಅರ್ಧಂಬರ್ಧ, ಆದ್ದರಿಂದ ಮಾತುಕತೆಗೆ ಏನೂ ತೊಂದರೆಯಿಲ್ಲ. ಅಜ್ಜನ ಹತ್ತಿರ ಒಂದು ಪಿಸ್ಟನ್ ರೈಫಲ್ ಇದೆ. ಗುಂಡು ಹಾರಿದಾಗ ಹುಟ್ಟುವ ಗ್ಯಾಸಿನಲ್ಲಿ ಸ್ವಲ್ಪ ಭಾಗ ಒಂದು ಸಣ್ಣ ತೂತಿನಿಂದ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ; ಆ ತಳ್ಳುವಿಕೆಯಲ್ಲೇ ಮುಂದಿನ ಗುಂಡು ಒಳಗೆ ಬರುತ್ತದೆ. ಇಷ್ಟೇ ಅದರ ಕಥೆ. ಅಜ್ಜ ಈ ಕಥೆಗೆ ಉಪಕಥೆ ಸೇರಿಸುತ್ತಾರೆ.

ಎಣ್ಣೆ

ಪಿಸ್ಟನ್ನಿಗೆ ಎಣ್ಣೆ ಹಾಕಬಾರದು. ಮಸಿ ಒರೆಸಿ, ಒಣಗಿದ ಹಾಗೇ ಇಡಬೇಕು. ಅಜ್ಜ ಮಾತ್ರ ಉಪ್ಪಿನಕಾಯಿ ಜಾಡಿಗೆ ಸುರಿದ ಹಾಗೆ ಸುರಿಯುತ್ತಿದ್ದರು.

ಒಂದು ದಿನ ಗುಂಡು ಹೊಡೆದು ಬಂದು ನನ್ನೆದುರು ನಿಂತರು. ಇಸ್ತ್ರಿ ಹಾಕಿದ ಬಿಳಿ ಥೋಬ್ ನಿಲುವಂಗಿಯ ತುಂಬ ಕಪ್ಪು ಎಣ್ಣೆಯ ಚುಕ್ಕೆಗಳು.

"ನಿನ್ನ ರಿಪೇರಿ ಸರಿಯಿಲ್ಲ" ಎಂದರು.

"ಬಾಬಾ, ಎಣ್ಣೆ ಹಾಕಬೇಡಿ ಅಂತ ಹೇಳಿದ್ದೆನಲ್ಲ. ಬಿಸಿ ಗ್ಯಾಸು ಅದನ್ನು ಹೊರಗೆ ಎರಚುತ್ತದೆ."

"ಯಂತ್ರ ಒಣಗಿದರೆ ಕಷ್ಟ."

"ಈ ಯಂತ್ರ ಒಣಗಿದ್ದರೇ ಸುಖ, ಬಾಬಾ."

ಅಜ್ಜ ಗಡ್ಡ ನೀವಿಕೊಂಡರು. "ಅರ್ಥವಾಯಿತು" ಎಂದು ಹೋದರು. ನನಗೂ ಒಬ್ಬರಿಗೆ ಬುದ್ಧಿ ಹೇಳಿದ ಸಂತೋಷ.

ಮುಂದಿನ ವಾರ ಕಂದು ಬಣ್ಣದ ಥೋಬ್ ಹಾಕಿಕೊಂಡು ಬಂದರು. ಎಣ್ಣೆ ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ.

ಸ್ಪ್ರಿಂಗು

ಸ್ಪೇರ್ ಪಾರ್ಟ್ಸ್ ವಿಷಯದಲ್ಲಿ ಅಜ್ಜನದು ಒಂದೇ ನಿಯಮ: ಭಾವಮೈದುನನ ಹತ್ತಿರ ಇಲ್ಲದ್ದು ಬೇಕು. ಆ ಭಾವಮೈದುನರೂ ನಮ್ಮ ಕ್ಲಬ್ಬಿನವರೇ. ಇಬ್ಬರ ನಡುವೆ ಯೌವನದಿಂದಲೂ ಪೈಪೋಟಿ.

"ಎಲ್ಲಕ್ಕಿಂತ ಗಟ್ಟಿ ಸ್ಪ್ರಿಂಗ್ ಕೊಡು" ಎಂದರು ಒಮ್ಮೆ.

"ಅಷ್ಟು ಗಟ್ಟಿ ಹಾಕಿದರೆ ಅದನ್ನು ಒತ್ತಲು ಪಿಸ್ಟನ್ನಿಗೆ ಆಗುವುದಿಲ್ಲ ಬಾಬಾ. ಇದಕ್ಕೆ ಕಂಪನಿಯವರು ಕೊಟ್ಟ ಸ್ಪ್ರಿಂಗೇ ಸರಿ."

ಅಜ್ಜನ ಮುಖ ಬಾಡಿತು. ನನ್ನ ಪಕ್ಕದಲ್ಲಿದ್ದ ಸ್ಟೋರ್ ಕೀಪರ್ ಮೈಸೂರಿನವನು, ಯಾರ ಮುಖ ಬಾಡಿದರೂ ಸಹಿಸುವವನಲ್ಲ. ಒಳಗೆ ಹೋಗಿ ಅದೇ ಕಂಪನಿ ಸ್ಪ್ರಿಂಗನ್ನು, ಯಾರದೋ ಕೈಗಡಿಯಾರ ಬಂದಿದ್ದ ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ತಂದ. ಬೆಲೆ ಅದೇ, ಹೆಸರು ಅದೇ, ಪೆಟ್ಟಿಗೆ ಮಾತ್ರ ಬೇರೆ. ನಾನು ಸುಮ್ಮನೆ ಜೋಡಿಸಿಕೊಟ್ಟೆ.

ಅಜ್ಜ ಹತ್ತು ಗುಂಡು ಹೊಡೆದು ಬಂದು ನನ್ನ ಭುಜ ತಟ್ಟಿದರು. "ನೋಡಿದೆಯಾ? ಎಷ್ಟು ವ್ಯತ್ಯಾಸ!"

ಮರುದಿನ ಮತ್ತೆ ಬಂದು, ಇನ್ನೊಂದು ಪೆಟ್ಟಿಗೆ ಸಿಗುತ್ತದೆಯೇ ಎಂದು ಕೇಳಿದರು. ಸ್ಪ್ರಿಂಗ್ ಬೇಡವಂತೆ.

ರಜೆ

ದಸರೆ ಮುಗಿಯುತ್ತಿದ್ದ ಹಾಗೆ ನನಗೆ ರಜೆ ಬೇಕಿತ್ತು. ಹೆಂಡತಿಯ ಸೀಮಂತ, ನಮ್ಮ ಮೊದಲ ಮಗು. ಅವಳು ಫೋನಿನಲ್ಲಿ ಕೇಳಿದ್ದಳು: "ನೀವು ಬರ್ಲಿಕ್ಕಿಲ್ಲ ಅಂತಾದ್ರೆ ಈಗ್ಲೇ ಹೇಳಿ. ನಿಮ್ಮ ಫೋಟೋವನ್ನು ನನ್ನ ಪಕ್ಕದ ಕುರ್ಚಿಯಲ್ಲಿಟ್ಟು ಆರತಿ ಮಾಡ್ತಾರೆ. ಹಾರ ಹಾಕ್ಬೇಕಾ ಬೇಡ್ವಾ ಅಷ್ಟೇ ಹೇಳಿ."

ಫೋನ್ ಇಟ್ಟವನೇ ರಜೆ ಕೇಳಲು ಹೋದೆ. ಮ್ಯಾನೇಜರ್ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದರು: "ಶುಕ್ರವಾರ ಸ್ಪರ್ಧೆ ಇದೆ. ಬಾಬಾ ಅವರ ರೈಫಲ್ ತೊಂದರೆ ಕೊಡದಿದ್ದರೆ ರಜೆ. ಕೊಟ್ಟರೆ ರಜೆ ಮಾಫಿ, ಇಲ್ಲವೇ ಇಲ್ಲ."

ಬುಧವಾರ ಆಯುಧಪೂಜೆ. ಬಂದೂಕಿನ ವರ್ಕ್‌ಶಾಪಿನಲ್ಲಿ ಮಾಡದಿದ್ದರೆ ಇನ್ನೆಲ್ಲಿ ಮಾಡುವುದು? ಬೇರೆಯವರು ಬರುವ ಮೊದಲೇ ನಾನೂ ಸ್ಟೋರ್ ಕೀಪರನೂ ಒಳಗಿನ ಕೋಣೆಯಲ್ಲಿ ಸೇರಿದೆವು. ಬಿಚ್ಚಿಟ್ಟಿದ್ದ ಅಜ್ಜನ ರೈಫಲಿನ ಭಾಗಗಳನ್ನೂ ನಮ್ಮ ಸ್ಕ್ರೂಡ್ರೈವರುಗಳನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದೆವು.

"ಊದುಬತ್ತಿ?" ಎಂದ ಅವನು.

"ಬೇಡ ಮಾರಾಯ. ಸುತ್ತ ಕ್ಲೀನಿಂಗ್ ಆಯಿಲ್ ಉಂಟು."

"ಕುಂಬಳಕಾಯಿ?"

"ಕಾರ್ಪೆಟ್ ಮೇಲೆ ಒಡೆಯುವುದಾ?"

"ಹಂಗಾದ್ರೆ ಗಂಧನಾದ್ರೂ ಜೋರಾಗಿ ಹಚ್ತೀನಿ ಗುರೂ" ಎಂದು ಅವನು ಮನೆಯಿಂದ ತೇಯ್ದು ತಂದಿದ್ದ ಗಂಧವನ್ನು ಒಂದೊಂದು ಭಾಗಕ್ಕೂ ಧಾರಾಳವಾಗಿ ಮೆತ್ತಿದ. ಸಂಜೆ ಎಲ್ಲವನ್ನೂ ಒರೆಸಿ, ರೈಫಲನ್ನು ಜೋಡಿಸಿದೆ.

ಗುರುವಾರ ಪರೀಕ್ಷೆ ಮಾಡಿದರೆ ಒಂದು ಗುಂಡು ಹಾರುತ್ತದೆ, ಎರಡನೆಯದು ಒಳಗೆ ಬರುವುದೇ ಇಲ್ಲ. ಪಿಸ್ಟನ್ ಬದಲಾಯಿಸಿದೆ. ಇಲ್ಲ. ಮಖಮಲ್ಲಿನ ಸ್ಪ್ರಿಂಗ್ ತೆಗೆದು ಬೇರೆ ಹಾಕಿದೆ. ಇಲ್ಲ. ಸ್ಟೋರಿನಲ್ಲಿದ್ದ ಪಾರ್ಟುಗಳೆಲ್ಲ ಖಲಾಸ್. ಹಾರ ಹಾಕಿದ ನನ್ನ ಫೋಟೋ ಕಣ್ಣೆದುರು ಬಂತು. ಕೊನೆಗೆ ಗ್ಯಾಸ್ ಬರುವ ತೂತಿಗೆ ಸೂಜಿ ಹಾಕಿದಾಗ ಹಳದಿ ಪುಡಿ ಉದುರಿತು. ಮೂಸಿದೆ. ಶ್ರೀಗಂಧ.

ಸಿಕ್ಕಷ್ಟು ಕೆರೆದು ತೆಗೆದೆ. ಮತ್ತೆ ಪರೀಕ್ಷಿಸಿದರೆ ಚೆನ್ನಾಗಿ ಓಡಿತು. ಎಲ್ಲೋ ಮೂಲೆಯಲ್ಲಿ ಸ್ವಲ್ಪ ಅಂಟಿಕೊಂಡಿದ್ದದ್ದು ಮಾತ್ರ ನನ್ನ ಸೂಜಿಗೆ ಸಿಗಲಿಲ್ಲ.

ಶುಕ್ರವಾರ ಅಜ್ಜನ ರೈಫಲ್ ಒಮ್ಮೆಯೂ ನಿಲ್ಲದೆ ಹೊಡೆಯಿತು. ರೈಫಲ್ ಬಿಸಿಯೇರಿದ ಹಾಗೆಲ್ಲ ಗುಂಡು ಹೊಡೆಯುವ ರೇಂಜಿನ ತುಂಬ ದೇವರ ಕೋಣೆಯ ಪರಿಮಳ. ಹೊಡೆದು ಮುಗಿಸಿದ ಅಜ್ಜ ಬಂದೂಕನ್ನು ಖಾಲಿ ಮಾಡಿ, ಅದನ್ನು ಮೂಗಿನ ಹತ್ತಿರ ಹಿಡಿದು ನನ್ನನ್ನು ಕರೆದರು. ಹಿಂದೆಯೇ ಮ್ಯಾನೇಜರೂ ಬಂದರು.

"ಏನು ಹಾಕಿದೆ ಇದಕ್ಕೆ?"

ಸುಳ್ಳು ಹೇಳಲು ನಾಲಿಗೆ ತಿರುಗಲಿಲ್ಲ. "ಬಾಬಾ, ನಮ್ಮ ಹಬ್ಬವಿತ್ತು. ಆ ದಿನ ಕೆಲಸದ ಸಾಮಾನುಗಳಿಗೆ ಗಂಧ ಹಚ್ಚುತ್ತೇವೆ. ನಿಮ್ಮದಕ್ಕೂ ಹಚ್ಚಿದೆವು."

ಮ್ಯಾನೇಜರ್ ಮುಖ ಕೆಂಪಾಯಿತು. ಅಜ್ಜ ರೈಫಲನ್ನು ಪಕ್ಕದಲ್ಲೇ ಇದ್ದ ಭಾವಮೈದುನರ ಮೂಗಿಗೆ ಹಿಡಿದರು. ಅವರು ಮೂಸಿ, ತಮ್ಮದನ್ನೂ ಮೂಸಿಕೊಂಡು ಮುಖ ಸಿಂಡರಿಸಿದರು.

ಅಜ್ಜ ಮ್ಯಾನೇಜರ್ ಕಡೆ ತಿರುಗಿದರು. "ಇವನನ್ನು ಇಂಡಿಯಾಕ್ಕೆ ಕಳಿಸು. ನಾಳೆಯೇ."

ಕೆಲಸ ಹೋಯಿತು ಎಂದುಕೊಂಡೆ.

"ಆ ಗಂಧದ ಪಾರ್ಟು ಇನ್ನು ಸ್ವಲ್ಪವೇ ಉಳಿದಿರಬೇಕು" ಎಂದರು ಅಜ್ಜ. "ಹೋಗಿ ಹೊಸದು ತರಲಿ."

ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಭಾವಮೈದುನರ ಕಡೆ ಕಣ್ಣು ಹೊರಳಿಸಿ, ಮೆಲ್ಲಗೆ ಹೇಳಿದರು: "ಅವನು ಕೇಳಿದರೆ, ಕಂಪನಿ ಮುಚ್ಚಿಹೋಯಿತು ಎನ್ನು."