ಪೈಲ್ವಾನರ ಬೆನ್ನು

ಗಂಡನನ್ನು ಒಮ್ಮೆಯಾದರೂ ಕೆಡವಬೇಕೆಂಬ ಆಸೆ ಎಲ್ಲ ಹೆಂಡಂದಿರಿಗೂ ಇರುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ನನಗಂತೂ ಆ ಅವಕಾಶ ತಾನಾಗಿಯೇ ಒದಗಿಬಂತು. ಹೋದ ವರ್ಷ ನಮ್ಮ ಯಜಮಾನರೇ ಪಡಸಾಲೆಯಲ್ಲಿ ಗಾದಿ ಹಾಸಿ, "ಬಾ, ನನ್ನ ಕೆಡವು. ನಿನಗ ಕೈ ಮುಗೀತೀನಿ" ಎಂದು ಗೋಗರೆದರು.

ಇವರು ದೇವದುರ್ಗದ ಗರಡಿಯಲ್ಲಿ, ಕುಸ್ತಿ ಕಲಿಸಿದ ಉಸ್ತಾದರ ಕಣ್ಣೆದುರು ಬೆಳೆದ ಪೈಲ್ವಾನರು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು. ಇವರ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರಿಲ್ಲ ಎಂದು ಹೆಣ್ಣು ನೋಡಲು ಬಂದವರು ನಮ್ಮಪ್ಪನಿಗೆ ದೊಡ್ಡ ಡಿಗ್ರಿಯಂತೆ ಹೇಳಿದ್ದರು. ರಾಯಚೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಅದರಲ್ಲಿ ಏನು ಹೆಚ್ಚುಗಾರಿಕೆಯೋ ತಿಳಿಯಲಿಲ್ಲ. ಮೀಸೆ ಚೆನ್ನಾಗಿತ್ತು, ಒಪ್ಪಿಕೊಂಡೆ.

ಅಖಾಡ ಬಿಟ್ಟ ಮೇಲೆ ಸಿನಿಮಾದವರ ಕಣ್ಣಿಗೆ ಬಿದ್ದರು. ಮೊದಮೊದಲು ಖಳನಾಯಕನ ಹಿಂದೆ ಕೈಕಟ್ಟಿ ನಿಲ್ಲುವುದಷ್ಟೇ ಕೆಲಸ. ಗಿಲ್ಲೆಸುಗೂರಿನ ನಮ್ಮ ಚಿಕ್ಕಮ್ಮ ಫೋನ್ ಮಾಡಿ, "ನಿಮ್ಮ ಮನಿಯವರ ಮೊಣಕೈ ಭಾಳ ಛಲೋ ಕಾಣಿಸ್ತವ್ವ" ಎಂದು ಹೊಗಳುತ್ತಿದ್ದಳು. ಕೊನೆಗೂ ದೊಡ್ಡ ಅವಕಾಶ ಬಂತು. ಹೀರೋ ಜೊತೆ ಕಡೆಯ ಫೈಟು. ಆತ ಒದೆಯಬೇಕು, ಇವರು ಅಂಗಾತ ಬೀಳಬೇಕು, ಆತ ಎದೆಯ ಮೇಲೆ ಕಾಲಿಟ್ಟು ಡೈಲಾಗ್ ಹೇಳಬೇಕು.

ಚೀಕಲಪರ್ವಿ ಹತ್ತಿರ ಹೊಳೆಯ ಮರಳಿನಲ್ಲಿ ಶೂಟಿಂಗು. ಹೀರೋ ಒದ್ದ. ಇವರು ಚೆನ್ನಾಗಿಯೇ ಹಾರಿದರು, ಆದರೆ ಗಾಳಿಯಲ್ಲೇ ಬೆಕ್ಕಿನಂತೆ ಹೊರಳಿ ಹೊಟ್ಟೆಯ ಮೇಲೆ ಬಿದ್ದರು. "ಪೈಲ್ವಾನ್ರೇ, ಅಂಗಾತ ಬೀಳಿ" ಎಂದರು ಡೈರೆಕ್ಟರು. "ಆತ್ರೀ ಸರ" ಎಂದರು ಇವರು. ಮತ್ತೆ ಹೊಟ್ಟೆಯ ಮೇಲೆಯೇ. ಬುದ್ಧಿ ಒಪ್ಪಿದರೂ ಬೆನ್ನು ಒಪ್ಪುತ್ತಿರಲಿಲ್ಲ. ಒದ್ದೂ ಒದ್ದೂ ಹೀರೋ ಕಾಲಿಗೇ ಐಸು ಕಟ್ಟಬೇಕಾಯಿತಂತೆ. ನಾಡಿದ್ದು ಸರಿಯಾಗಿ ಬೀಳದಿದ್ದರೆ ಬೇರೆಯವರನ್ನು ಕರೆಸುವುದಾಗಿ ಡೈರೆಕ್ಟರು ಹೇಳಿ ಕಳಿಸಿದರು.

ಹೀಗೆ ನಾನು ಹೀರೋ ಆದೆ. ಸೆರಗು ಸಿಕ್ಕಿಸಿ, ಓಡಿ ಬಂದು ತಳ್ಳಿದೆ. ಗೋಡೆ ತಳ್ಳಿದ ಹಾಗಾಯಿತು. ಇವರು ಮನಸ್ಸು ಮಾಡಿ ಬಿದ್ದರೂ ಹೊರಳಿಕೊಂಡೇ ಬೀಳುತ್ತಿದ್ದರು. ಮಾನ್ವಿಯಿಂದ ಬಂದಿದ್ದ ಅತ್ತೆ ಶೇಂಗಾ ಸುಲಿಯುತ್ತ, "ನನ್ನ ಮಗನ್ನ ಯಾರೂ ಕೆಡವಿಲ್ಲ, ಈಕಿ ಕೆಡವಾಕ ಬಂದಾಳ" ಎಂದು ಗೊಣಗಿದರು. ಇವರು ಗೋಡೆಗೆ ಒರಗಿ ಕೂತು, "ಉಸ್ತಾದ್ರಿಗೆ ಏನಂತ ಮುಖ ತೋರಿಸಲಿ?" ಎಂದರು. ರೋಗ ಎಲ್ಲಿದೆಯೆಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಗ್ಗೆಯೇ ದೇವದುರ್ಗಕ್ಕೆ ಹೊರಟೆವು. ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವಂತಿಲ್ಲ, ನಾನು ಬಾಗಿಲಲ್ಲೇ ನಿಂತೆ. ಉಸ್ತಾದರು ಎಲ್ಲ ಕೇಳಿಸಿಕೊಂಡರು. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಆ ವಯಸ್ಸಿನಲ್ಲಿ, ಶಿಷ್ಯನ ಕಣ್ಣೆದುರೇ ಅಖಾಡದ ನಡುವೆ ಅಂಗಾತ ಮಲಗಿಬಿಟ್ಟರು.

"ನೋಡಲೇ ಬೇಟಾ, ಬೆನ್ನಿಗೆ ಮಣ್ಣು ಹತ್ತ್ಯದ. ನಾ ಸೋತೆನೇನು?"

ನಮ್ಮವರು ಗಳಗಳ ಅತ್ತರು. ಬಾಗಿಲಲ್ಲಿ ನನ್ನ ಕಣ್ಣೂ ತುಂಬಿತು.

"ಅಳೂದು ಆಮ್ಯಾಲ ಅಳು. ಮೊದ್ಲ ನನ್ನ ಎಬ್ಬಿಸು, ಸೊಂಟ ಹಿಡಕೊಂಡದ" ಎಂದರು ಉಸ್ತಾದರು.

ಮುಂದಿನದು ಸಲೀಸಾಯಿತು. ಮೊದಲ ಒದೆತಕ್ಕೇ ಇವರು ಅಂಗಾತ ಬಿದ್ದರಂತೆ, ಡೈರೆಕ್ಟರು ಚಪ್ಪಾಳೆ ತಟ್ಟಿದರಂತೆ. ಸಿನಿಮಾ ಮಾನ್ವಿಗೆ ಬಂದಾಗ ಮೂವರೂ ಹೋದೆವು. ಅತ್ತೆ ಅತ್ತಾರು ಎಂದು ನಾನು ಅವರ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡೆ. ಹೀರೋ ಒದ್ದ, ಇವರು ಬಿದ್ದರು, ಆತ ಎದೆಯ ಮೇಲೆ ಕಾಲಿಟ್ಟ. ಮಂದಿ ಸೀಟಿ ಹೊಡೆಯುತ್ತಿದ್ದರು.

"ಏ, ಕಾಲು ತಗಿಯೋ ಮ್ಯಾಲಿಂದ!"

ಕೂಗಿದವಳು ನಾನೇ ಎಂದು ತಿಳಿದದ್ದು ಇಡೀ ಥಿಯೇಟರು ತಿರುಗಿ ನೋಡಿದಾಗ. "ಕುಂದ್ರವ್ವಾ, ಅದು ಸಿನಿಮಾ" ಎಂದು ಅತ್ತೆ ನನ್ನ ಸೆರಗು ಜಗ್ಗಿದರು. ಇನ್ನೊಂದು ಪಕ್ಕದಲ್ಲಿ ಇವರು ಮೆಲ್ಲಗೆ, "ಬೆನ್ನು ಪೂರ್ತಿ ಹತ್ತಿತ್ತಲ್ಲ?" ಎಂದು ಕೇಳಿದರು.

ಈಗ ಆ ಹೀರೋ ಮತ್ತು ನಮ್ಮವರು ಖಾಸಾ ದೋಸ್ತರು. ಮೊನ್ನೆ ಹಬ್ಬಕ್ಕೆ ಶುಭಾಶಯ ಹೇಳಲು ಆತ ಫೋನ್ ಮಾಡಿದ್ದ. ನಮ್ಮವರು ಎದುರಿಗೇ ಹೋಳಿಗೆ ತಿನ್ನುತ್ತ ಕೂತಿದ್ದರು. "ಮನ್ಯಾಗಿಲ್ಲ" ಎಂದು ಇಟ್ಟುಬಿಟ್ಟೆ.