ಕೆಂಪು ಪಟ್ಟಿ, ಹಳದಿ ಪಟ್ಟಿ

ಮಧುಕುಮಾರನ ಹತ್ತಿರ ಕ್ಯಾಮೆರಾ ಇರಲಿಲ್ಲ. ಫೋಟೋಗ್ರಾಫರನಿಗೆ ಬೇಕಾದ ಮಿಕ್ಕಿದ್ದೆಲ್ಲ ಇತ್ತು: ಮೈತುಂಬ ಜೇಬಿರುವ ಕೋಟು, ಕುರುಚಲು ಗಡ್ಡ, ಒಬ್ಬ ಗಿರಾಕಿ. ಗಿರಾಕಿ ಎಂದರೆ ಬಾಪೂಜಿ ನಗರದ ಅವನ ಮನೆ ಓನರ್ ರಾಮಕ್ಕ. ಆ ಸಂಜೆ ಕೆಂಗೇರಿಯ ಛತ್ರದಲ್ಲಿ ಅವರ ಮೊಮ್ಮಗಳು ಸುಮಾಳ ಸೀಮಂತ. ಫೋಟೋ ಚೆನ್ನಾಗಿ ಬಂದರೆ ಮನೆ ಕೆಳಗಿನ ಖಾಲಿ ಮಳಿಗೆಯನ್ನು ಸ್ಟುಡಿಯೋಗೆ ಕೊಡುವುದಾಗಿ ರಾಮಕ್ಕ ಮಾತು ಕೊಟ್ಟಿದ್ದರು.

ಕೊರಳಪಟ್ಟಿ ಕೆಂಪಗಿರುವ ಕಂಪನಿ, ಹಳದಿ ಇರುವ ಕಂಪನಿ, ಎರಡರ ಕ್ಯಾಮೆರಾಗಳನ್ನೂ ತಿಂಗಳುಗಟ್ಟಲೆ ಮೊಬೈಲಿನಲ್ಲಿ ಹೋಲಿಸಿ ಹೋಲಿಸಿ ಮಧುವಿನ ಕಣ್ಣು ಕೆಂಪಗಾಗಿತ್ತು. ಆ ದಿನ ಬೆಳಿಗ್ಗೆ, ಕೊಳ್ಳುವ ಮುಂಚೆ, ತನಗೆ ಕೆಲಸ ಕಲಿಸಿದ ಸ್ಟುಡಿಯೋ ಪದ್ಮನಾಭರ ಹತ್ತಿರ ಹೋದ.

"ಕೆಂಪು ಪಟ್ಟಿ ಕಂಪನೀದು ತಗೊಳೋ. ನನ್ನ ಲೆನ್ಸೆಲ್ಲ ಅದರದ್ದೇ. ಬಾಡಿ ಮಾತ್ರ ತಗೋ, ಲೆನ್ಸ್ ನಾನು ಕೊಡ್ತೀನಿ."

ಯಾರಾದರೂ ಬುದ್ಧಿ ಹೇಳಿದರೆ ಮಧುವಿನ ಕುತ್ತಿಗೆ ಟೇಬಲ್ ಫ್ಯಾನಿನ ಹಾಗೆ ತಾನಾಗಿ ಎದುರು ದಿಕ್ಕಿಗೆ ತಿರುಗಿಬಿಡುತ್ತಿತ್ತು.

"ಸಾರ್, ಅದೇ ದುಡ್ಡಿಗೆ ಹಳದಿ ಪಟ್ಟಿದು ಲೆನ್ಸ್ ಸಮೇತ ಬರುತ್ತೆ. ವ್ಯಾಲ್ಯೂ ಅಂದ್ರೆ ಅದು. ನೀವು ಅಭ್ಯಾಸಕ್ಕೆ ಜೋತುಬಿದ್ದಿದೀರಿ."

"ಲೋ, ಒಂದು ಕಂಪನಿ ಲೆನ್ಸು ಇನ್ನೊಂದಕ್ಕೆ ಕೂರಲ್ಲ ಕಣೋ. ಆಮೇಲೆ ನನ್ನ ಹತ್ರ ಬರ್ಬೇಡ."

"ಬರಲ್ಲ ಬಿಡಿ ಸಾರ್."

ಆದರೂ ಎದ್ದು ಹೋಗಲಿಲ್ಲ. ಎರಡು ಲೋಟ ಕಾಫಿ ಮುಗಿಯುವವರೆಗೆ ಹಳದಿಯ ಗುಣಗಾನ ಮಾಡಿದ. ಪದ್ಮನಾಭ ತಮ್ಮ ಲೆನ್ಸ್ ಬೀರುವನ್ನೇ ನೋಡುತ್ತ ಕುಳಿತರು.

ರಾಜಾಜಿನಗರದ ಕ್ಯಾಮೆರಾ ಅಂಗಡಿಗೆ ರಾಮಕ್ಕನೂ ಕರೆಯದೆಯೇ ಗಾಡಿ ಹತ್ತಿ ಬಂದರು.

"ಹಳದಿ ಪಟ್ಟಿದು ತಗೊಳಿ ಸಾರ್, ಈ ರೇಟಿಗೆ ಇದೇ ಬೆಸ್ಟು," ಎಂದ ಅಂಗಡಿಯ ಮಹದೇವ್.

"ಹಳದೀನೇ ತಗೋ. ಅರಿಶಿನದ ಬಣ್ಣ, ಶುಭಕಾರ್ಯಕ್ಕೆ ಒಳ್ಳೇದು," ಎಂದರು ರಾಮಕ್ಕ.

ಮೊಬೈಲ್ ಕವರ್ ಕೊಳ್ಳಲು ಬಂದಿದ್ದ ಹುಡುಗನೊಬ್ಬ ತಿರುಗಿ, "ಕಣ್ಮುಚ್ಕೊಂಡು ಹಳದಿ ಹಾಕು ಗುರು," ಎಂದ.

ಮಧುವಿನ ಕುತ್ತಿಗೆ ತಿರುಗಿತು. ಇಷ್ಟು ಜನ ಒಂದೇ ಮಾತು ಹೇಳುತ್ತಾರೆ ಎಂದರೆ ಒಳಗೆ ಏನೋ ಮಸಲತ್ತು ಇದೆ! ಯೋಚಿಸಿದಷ್ಟೂ ಕೆಂಪೇ ಸರಿ ಅನ್ನಿಸಿತು. ಲೆನ್ಸ್ ಪುಕ್ಕಟೆ ಸಿಗುವಾಗ ದುಡ್ಡನ್ನೆಲ್ಲ ಕ್ಯಾಮೆರಾ ಬಾಡಿಯ ಮೇಲೆ ಹಾಕುವುದೇ ನಿಜವಾದ ವ್ಯಾಲ್ಯೂ. ಪದ್ಮನಾಭರ ಕಾಲು ಹಿಡಿದರಾಯಿತು.

"ಕಣ್ಣು ಬಿಟ್ಕೊಂಡೇ ತಗೋತೀನಿ. ಕೆಂಪು ಕೊಡಿ. ಬಾಡಿ ಮಾತ್ರ."

"ಬಾಕ್ಸ್ ಒಡೆದ್ಮೇಲೆ ವಾಪಸ್ ಇಲ್ಲ ಸಾರ್."

"ವಾಪಸ್ ತರೋ ಆಸಾಮಿ ಅಲ್ಲ ನಾನು."

ರಾಮಕ್ಕ ಕ್ಯಾಮೆರಾದೊಳಗೆ ಇಣುಕಿದರು. "ಇದೇನೋ ಮುಂದೆ ತೂತು? ಹಲ್ಸೆಟ್ ತೆಗೆದಿಟ್ಟ ನಮ್ಮ ಮಾವನ ಬಾಯಿ ಇದ್ದಂಗಿದೆ!"

"ಸಂಜೆಗೆ ಹಲ್ಲು ಬರುತ್ತೆ, ಸುಮ್ನಿರಿ."

ಸಂಜೆ ಸ್ಟುಡಿಯೋ ಬಾಗಿಲು ಹಾಕಿತ್ತು. ಫೋನ್ ಮಾಡಿದರೆ ಪದ್ಮನಾಭರ ದನಿಯಲ್ಲಿ ಕೋಪವೇ ಇರಲಿಲ್ಲ. "ನಿನ್ನ ಕೆಲಸ ನೋಡೋಕೆ ನಾನೇ ಛತ್ರಕ್ಕೆ ಬರ್ತಾ ಇದೀನಿ ಕಣೋ. ಲೆನ್ಸ್ ತಾನೇ? ತರ್ತಾ ಇದೀನಿ." ಮಧುವಿಗೆ ಜೀವ ಬಂತು.

ಛತ್ರದಲ್ಲಿ ಸುಮಾ ಹಸಿರು ಬಳೆ ತೊಟ್ಟು ಕುಳಿತಿದ್ದಳು. ಪದ್ಮನಾಭ ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಕುತ್ತಿಗೆಯಲ್ಲಿ ಹೊಚ್ಚಹೊಸ ಹಳದಿ ಪಟ್ಟಿ.

"ನೀನು ಹೋದ್ಮೇಲೆ ಕೂತು ಲೆಕ್ಕ ಹಾಕಿದೆ ಕಣೋ. ನೀನು ಹೇಳಿದ್ದು ನೂರಕ್ಕೆ ನೂರು ಸರಿ! ಬೀರು ಖಾಲಿ ಮಾಡಿ ಎಲ್ಲಾ ಎಕ್ಸ್‌ಚೇಂಜ್‌ಗೆ ಹಾಕಿ ಹಳದಿ ತಗೊಂಡ್ಬಿಟ್ಟೆ. ನಿನಗೂ ಒಂದು ದೊಡ್ಡ ಲೆನ್ಸ್ ತಂದಿದೀನಿ. ಎಲ್ಲಿ, ನಿನ್ನ ಹಳದಿ ತೋರ್ಸು!"

ಮಧು ತೋರಿಸಿದ. ಪದ್ಮನಾಭ ಕೆಂಪು ಪಟ್ಟಿಯನ್ನು ನೋಡಿದರು, ತೂತನ್ನು ನೋಡಿದರು.

"ಆರತಿ ಹೊತ್ತಾಯ್ತು! ಫೋಟೋದೋರು ಯಾರಾದ್ರೂ ಬರ್ರೋ!" ರಾಮಕ್ಕ ಕೂಗಿದರು. ಪದ್ಮನಾಭ ವೇದಿಕೆ ಹತ್ತಿದರು.

ಮಧು ಕೆಳಗಿನಿಂದಲೇ ಗದ್ದ ಎತ್ತಿ ಹೇಳಿದ: "ನೀವು ಮೋಸ ಹೋದ್ರಿ ಸಾರ್. ಕೆಂಪೇ ಒಳ್ಳೇದು."

ಬೆಳಗಿನ ವಾದವನ್ನು ಅವನು ಗೆದ್ದಿದ್ದ. ಕಳೆದುಕೊಂಡದ್ದು ಒಂದು ಸೀಮಂತ, ಒಂದು ಮಳಿಗೆ, ಒಂದು ಬೀರು ಲೆನ್ಸ್.