ಕಣ್ಣಿದ್ದವಳು ಮಾಡಿದ ಕೋರ್ಸು

ಮೂರು ಖಂಡ ಸುತ್ತಿ ಬಂದವಳು ನಾನು. ಎಲ್ಲಿಗೆ ಹೋದರೂ ಪೆಚ್ಚಾಗುವ ಅವಕಾಶ ನನಗಿಂತ ಮೊದಲೇ ಹೋಗಿ ಸೀಟು ಹಿಡಿದಿರುತ್ತದೆ. ವೈಟ್‌ಫೀಲ್ಡಿನಲ್ಲಂತೂ ಅದು ನನಗೆ ವಾರಕ್ಕೊಮ್ಮೆಯಾದರೂ ಸಿಗುತ್ತಿತ್ತು.

ಮೆಟ್ರೋ ಇನ್ನೂ ಆ ಕಡೆ ತಲೆ ಹಾಕದ ಕಾಲ. ಆನ್‌ಲೈನ್ ಕೋರ್ಸ್ ತಯಾರಿಸುವ ಕಂಪನಿಯೊಂದರಲ್ಲಿದ್ದೆ. ಕಣ್ಣು ಕಾಣದವರೂ ನಮ್ಮ ಕೋರ್ಸ್ ಓದುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇದರ ಬಗ್ಗೆ ಸಿಂಗಪುರದಲ್ಲಿ ಭಾಷಣ ಬಿಗಿದು ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಕಣ್ಣು ಕಾಣದ ಒಬ್ಬರೊಂದಿಗೆ ಅರ್ಧ ಗಂಟೆ ಕೂತು ಕೆಲಸ ಮಾಡಿರಲಿಲ್ಲ, ಅಷ್ಟೇ.

ಆ ಒಬ್ಬರು ಪೀಣ್ಯದಲ್ಲಿ ಸಿಕ್ಕರು. ಪಂಪು ತಯಾರಿಸುವ ಕಾರ್ಖಾನೆಯ ಟೆಲಿಫೋನ್ ಆಪರೇಟರು. ಗದಗಿನ ಕಡೆಯವರು, ಬಾಗಲಗುಂಟೆಯಲ್ಲಿ ಬಾಡಿಗೆ ರೂಮು. ಹುಟ್ಟಿನಿಂದಲೂ ಕಣ್ಣು ಕಾಣದು. ಕಾರ್ಖಾನೆಗೆ ‘ಒಂದು ಒತ್ತಿ, ಎರಡು ಒತ್ತಿ’ ಎನ್ನುವ ಫೋನ್ ಯಂತ್ರ ಬರುವುದಿತ್ತು. ಅದು ಬಂದರೆ ಇವರ ಕುರ್ಚಿ ಹೋಗುತ್ತದೆ. ಆ ಕಾರ್ಖಾನೆಗೆಂದು ನಾವು ಮಾಡಿಕೊಟ್ಟ, ಸರಕು ಕೊಳ್ಳುವ, ಜೋಡಿಸಿಡುವ ಸ್ಟೋರ್ಸ್ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾದರೆ ಪರ್ಚೇಸ್ ವಿಭಾಗದಲ್ಲಿ ಕೆಲಸ. ಇಲ್ಲದಿದ್ದರೆ ಗದಗಿನ ಬಸ್ಸು.

“ಎಂಟು ವರ್ಷ ಬರೇ ಬ್ಯಾರೆಯವರ ಮಾತು ಜೋಡಿಸೀನ್ರಿ. ಒಂದ್ ಸಲ ಆ ಕಡೆ ಕುಂತು ನಾನೂ ಮಾತಾಡಬೇಕ್ರಿ,” ಅಂದರು ಫೋನಿನಲ್ಲಿ.

“ನೀವು ಚಿಂತೆ ಬಿಡಿ, ನಾನಿದ್ದೀನಲ್ಲ,” ಅಂದೆ. ಅವರ ಚಿಂತೆ ಶುರುವಾದದ್ದೇ ಅಲ್ಲಿಂದ.

ಕೆಂಪು ಕುರ್ತಾ

ಕೋರ್ಸ್ ಪರೀಕ್ಷಿಸಲು ನಮ್ಮ ಆಫೀಸಿಗೇ ಬನ್ನಿ ಎಂದು ಕರೆದೆ. ಸ್ಟಾಪಿನ ಎದುರೇ ಗೇಟು, ಅಲ್ಲೇ ನಿಂತಿರುತ್ತೇನೆ ಎಂದೂ ಹೇಳಿದೆ. ಮೂರು ಬಸ್ ಬದಲಿಸಿ ಅವರು ಹೇಳಿದ ಹೊತ್ತಿಗೆ ಸರಿಯಾಗಿ ಇಳಿದರು. ಸುಲಭವಾಗಿ ಗುರುತು ಸಿಗಲಿ ಎಂದು ನಾನು ಅವತ್ತು ಕೆಂಪು ಕುರ್ತಾ ಹಾಕಿದ್ದೆ. ರಸ್ತೆಯ ಈಚೆ ನಿಂತು ಎರಡೂ ಕೈ ಎತ್ತಿ ಬೀಸಿದೆ. ಅವರು ಕೋಲು ಹಿಡಿದು ನಿಂತೇ ಇದ್ದರು. ನಾನು ಬೀಸಿದೆ, ಹಾರಿದೆ, ಮತ್ತೆ ಬೀಸಿದೆ. ಐದು ನಿಮಿಷ ಇದನ್ನೆಲ್ಲ ನೋಡಿದ ಸೆಕ್ಯೂರಿಟಿಯವರು ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮೇಡಂ, ಕೈ ಸಾಕು. ಬಾಯಿ ಬಿಡಿ.”

ಮುಂಜಾವಿನ ಬಾಣ

ಕಂಪ್ಯೂಟರಿನಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಅವರ ಸಂಗಾತಿ. ಚಿತ್ರ ಬಂದರೆ ಅದಕ್ಕೆ ಬಾಯಿ ಬರುವುದಿಲ್ಲ. ಚಿತ್ರದಲ್ಲಿ ಏನಿದೆ ಎಂದು ನಾವೇ ಬರೆದಿಡಬೇಕು. ನನಗೋ ಬರೆಯುವ ಚಟ. ಒಂದನ್ನೂ ಬಿಡದೆ ಬರೆದೆ. ಮುಂದಿನ ಪುಟಕ್ಕೆ ಹೋಗುವ ಗುಂಡಿಯ ಮೇಲಿದ್ದ ಪುಟ್ಟ ಬಾಣಕ್ಕೂ “ಮುಂಜಾವಿನ ಸಮುದ್ರದಂಥ ನೀಲಿ ಬಣ್ಣದ, ಬಲಕ್ಕೆ ತುಡಿಯುವ, ಅಂಚು ನುಣುಪಾದ ಬಾಣ” ಎಂದು ಇಂಗ್ಲಿಷಿನಲ್ಲಿ ಮೆರೆದೆ.

ಅವರು ಇಯರ್‌ಫೋನ್ ಹಾಕಿಕೊಂಡು ತಾಳ್ಮೆಯಿಂದ ಕೇಳಿದರು. ಮೊದಲ ಪುಟದಲ್ಲೇ ಮೂವತ್ತು ಸಲ ಅದೇ ಸಮುದ್ರ.

“ಹೇಗಿದೆ?” ಅಂದೆ, ಹೊಗಳಿಕೆಗೆ ಕಾಯುತ್ತಾ.

“ಚಲೋ ಐತ್ರಿ. ಆದ್ರ ಸಮುದ್ರದ ದಂಡೀಗೆ ಕುಂತು ಕುಂತು ಸಾಕಾತು. ಮುಂದಿನ ಪುಟಕ್ಕ ಹೋಗೂ ಗುಂಡಿ ಎಲ್ಲೈತ್ರಿ?”

ದುಪಟ್ಟಾ

ಪಶ್ಚಾತ್ತಾಪ ಬಂತು. ಅವರ ಜಾಗದಲ್ಲಿ ಕೂತು ನೋಡೋಣವೆಂದು ಮರುದಿನ ಕಣ್ಣಿಗೆ ದುಪಟ್ಟಾ ಕಟ್ಟಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಅಭ್ಯಾಸ ಪರೀಕ್ಷೆ ಶುರು ಮಾಡಿದೆ. ಪ್ರಶ್ನೆ ಕೇಳಿಸಿಕೊಂಡು ‘ಟ್ರೂ’ ಅಥವಾ ‘ಫಾಲ್ಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ಸ್ಕ್ರೀನ್ ರೀಡರ್ ಇನ್ನೂ ಹಿಂದಿನ ದಿನ ಅವರು ಇಟ್ಟುಕೊಂಡಿದ್ದ ವೇಗದಲ್ಲೇ ಇತ್ತು. ಅದು ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿತ್ತು. ಒಂದಕ್ಷರ ತಿಳಿಯಲಿಲ್ಲ. ಅಂದಾಜಿನ ಮೇಲೆ ಒತ್ತಿದೆ: ಫಾಲ್ಸ್, ಫಾಲ್ಸ್, ಫಾಲ್ಸ್, ಟ್ರೂ.

ಕಟ್ಟು ಬಿಚ್ಚಿದರೆ ಪರೀಕ್ಷೆಯ ಮೇಲೆ ಬಾಸ್‌ನ ಚಾಟ್ ಬಂದು ಕೂತಿತ್ತು. “ರಿಪೋರ್ಟ್ ಮುಗೀತಾ?” ಫಾಲ್ಸ್. “ಸಂಜೆಯೊಳಗೆ ಕೊಡ್ತೀರಾ?” ಫಾಲ್ಸ್. “ಹುಷಾರಾಗಿದ್ದೀರಾ?” ಫಾಲ್ಸ್. “ನಾಳೆ ರಜ ಬೇಕಾ?” ಟ್ರೂ.

ನಾಲ್ಕೂ ಉತ್ತರ ಸರಿಯಾಗಿದ್ದವು. ರಜವೂ ಸಿಕ್ಕಿತು.

ಪರೀಕ್ಷೆ

ಬಾಣದ ವರ್ಣನೆಯನ್ನು ‘ಮುಂದಿನ ಪುಟ’ ಎಂಬ ಎರಡೇ ಮಾತಿಗೆ ಇಳಿಸಿದೆ. ಮೌಸಿನಿಂದ ಡಬ್ಬಿ ಎಳೆದು ರ‍್ಯಾಕಿಗೆ ಹಾಕುವ ಪ್ರಶ್ನೆಗಳನ್ನೂ ತೆಗೆಸಿದೆ. ಪರೀಕ್ಷೆಯ ದಿನ ಬಂತು. ಒಂದು ಗಂಟೆ, ಒಂದೇ ಅವಕಾಶ. ನಡುವೆ ನಿಂತರೆ ನಪಾಸು. ಧೈರ್ಯ ಕೊಡಲು ನಾನೇ ಪೀಣ್ಯಕ್ಕೆ ಹೋಗಿ ಅವರ ಆಪರೇಟರ್ ಕೋಣೆಯಲ್ಲಿ ಕೂತೆ. ಅವರು ಇಯರ್‌ಫೋನ್ ಹಾಕಿ ಶುರು ಮಾಡಿದರು.

ಮೂವತ್ತೆಂಟನೇ ಪ್ರಶ್ನೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಪರದೆ ಕಪ್ಪಾಯಿತು.

“ಅಯ್ಯೋ, ಹೋಯ್ತು!” ಎಂದು ಚೀರಿ ಓಡಿದೆ. ಜನರೇಟರ್ ನೋಡಿಕೊಳ್ಳುವಾತ ಊಟಕ್ಕೆ ಹೋಗಿದ್ದ. ಅವನನ್ನು ಹುಡುಕುತ್ತಾ ಗ್ರೀಸ್ ಡಬ್ಬಕ್ಕೆ ಕಾಲಿಟ್ಟೆ. ಅಂಗಳದಲ್ಲಿ ನಿಂತು ಬಾಸ್‌ಗೆ ಫೋನ್ ಮಾಡಿ, “ಪಾಪದ ಮನುಷ್ಯ ಸಾರ್, ಇನ್ನೊಂದು ಅವಕಾಶ ಕೊಡಿಸಿ,” ಎಂದು ಅತ್ತೇಬಿಟ್ಟೆ. ಮುಖ ಒರೆಸಿಕೊಂಡು ಒಳಗೆ ಬಂದೆ. ಕರೆಂಟ್ ಇನ್ನೂ ಬಂದಿರಲಿಲ್ಲ.

ಅವರು ಇಯರ್‌ಫೋನ್ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. “ಎಲ್ಲಿ ಹೋಗಿದ್ರಿ ಮೇಡಂ? ಪಾಸಾದೆ ನೋಡ್ರಿ!”

“ಕರೆಂಟ್ ಹೋಯ್ತಲ್ರೀ!”

“ಹೌದೇನ್ರಿ? ಅದಕ್ಕs ಇಷ್ಟು ಸೆಕೆ. ಕಂಪ್ಯೂಟರಿಗೆ, ಇಂಟರ್‌ನೆಟ್ಟಿಗೆ ಯುಪಿಎಸ್ ಐತ್ರಿ. ಪರದೆಗೆ ಕೊಟ್ಟಿಲ್ಲ. ಸುಮ್ನ ಬ್ಯಾಟರಿ ತಿಂತೈತಿ. ಇಲ್ಲಿ ನೋಡೋರು ಯಾರದಾರ?”

ನಾನು ಕಪ್ಪು ಪರದೆಯ ಮುಂದೆ ಬಗ್ಗಿ, ಕಣ್ಣು ಕಿರಿದು ಮಾಡಿ, “ಸರ್ಟಿಫಿಕೇಟ್ ಎಲ್ಲಿ? ಏನೂ ಕಾಣ್ತಿಲ್ವಲ್ಲ,” ಅಂದೆ.

ಅವರು ಎದ್ದು ನನ್ನ ತೋಳು ಹಿಡಿದು, ಜೋಪಾನವಾಗಿ ಕುರ್ಚಿಯಲ್ಲಿ ಕೂರಿಸಿದರು.

“ಗಾಬರಿ ಆಗಬ್ಯಾಡ್ರಿ ಮೇಡಂ. ನಾ ಓದಿ ಹೇಳ್ತೀನಿ.”